ಇಡ್ಲಿ ಬಟ್ಟೆಯ ಮಾಸ್ಕು

ವೈದೇಹಿ ಬಂದು ಕೂತದ್ದೇ ತಡ, ಪಕ್ಕದ ಮೇಜಿನವರು ಚಹಾದ ಕಪ್ಪು ಎತ್ತಿಕೊಂಡು ದೂರ ಸರಿದರು. ಸೂರತ್ತಿನಲ್ಲಿ ಆ ವರ್ಷ ಹಾಂಗ್‌ಕಾಂಗ್ ಫ್ಲೂ ಎಂಬ ಅಂಟುಜ್ವರ. ನರ್ಸಿನ ಬಿಳಿ ಸೀರೆ ಕಂಡರೇ ಜನಕ್ಕೆ ಭಯ.

ಹೋಟೆಲಿನ ಮಾಲೀಕ ರಘುರಾಮ ಮಾತ್ರ ತಾನೇ ಕಾಫಿ ತಂದಿಟ್ಟ. ಕುಂದಾಪುರದವನು, ಅವಳು ಉಡುಪಿಯವಳು. ಎರಡು ವರ್ಷದಿಂದ ಕಾಫಿ ಇಡುವ ನೆಪದಲ್ಲಿ ಅವಳ ಮುಖ ನೋಡುತ್ತಿದ್ದ. ತುಂಬ ಬಿಸಿಯೆಂಬ ನೆಪದಲ್ಲಿ ಅವಳೂ ನಿಧಾನವಾಗಿ ಕುಡಿಯುತ್ತಿದ್ದಳು.

"ಎಂತ ಸಿಸ್ಟರ್, ಇವತ್ತು ಸಿಟ್ಟು ಕಾಫಿಯ ಮೇಲೋ, ನನ್ನ ಮೇಲೋ?"

ಅವಳು ಮೇಜಿನ ಮೇಲೆ ಕಾಗದವೊಂದನ್ನು ಬಡಿದಳು. "ನಾಳೆ ಹತ್ತು ಗಂಟೆಗೆ ಸಹಿ ಹಾಕಿ ತಪ್ಪೊಪ್ಪಿಕೊಳ್ಬೇಕಂತೆ. ಇಲ್ಲದಿದ್ರೆ ಕೆಲಸ ಇಲ್ಲ."

ತಪ್ಪು ಇಷ್ಟೇ: ಹೊಸ ಮಾಸ್ಕುಗಳ ಕಪಾಟಿನ ಬೀಗ ತೆಗೆಯಿರಿ ಎಂದು ಸೂಪರಿಂಟೆಂಡೆಂಟರಿಗೆ ಎಲ್ಲರೆದುರು ಹೇಳಿದ್ದು. ನಾಳೆ ಅಹಮದಾಬಾದಿನಿಂದ ಅಧಿಕಾರಿ ತಪಾಸಣೆಗೆ ಬರುವವರೆಗೆ ಕಪಾಟು ತುಂಬಿರಬೇಕಂತೆ. ಹಳೆಯ ಮಾಸ್ಕುಗಳು ಒಗೆದೊಗೆದು ನೂಲು ನೂಲಾಗಿ, ನರ್ಸುಗಳು ಮೂಗಿಗೆ ಸೆರಗು ಸುತ್ತಿಕೊಂಡು ದುಡಿಯುತ್ತಿದ್ದರು.

"ನನ್ನ ಜೊತೆಯ ನರ್ಸು ಶಾಂತಾ ನಮ್ಮದೇ ವಾರ್ಡಲ್ಲಿ ಮಲಗಿದ್ದಾಳೆ, ನೂರಮೂರು ಜ್ವರ. ಕಪಾಟು ಮಾತ್ರ ಆರೋಗ್ಯವಾಗಿ ಉಂಟು!"

"ಬಿಟ್ಟುಬಿಡಿ ಮಾರಾಯ್ರೆ ಆ ಕೆಲಸ," ಅಂದುಬಿಟ್ಟ ರಘುರಾಮ. "ನನ್ನನ್ನು ಮದುವೆಯಾಗಿ. ಹಾಯಾಗಿರಬಹುದು."

ಎರಡು ವರ್ಷ ಕಾದ ಮಾತು ಹೀಗೆ ಬರಬೇಕೇ! ಅವಳ ಕಣ್ಣು ಉರಿಯಿತು.

"ನಾನು ಹಾಯಾಗಿದ್ರೆ ಶಾಂತಾಳಿಗೆ ನೀರು ಕೊಡುವವರು ಯಾರು? ಕೆಲಸ ಸರಿಯೇ ಉಂಟು ರಾಯರೇ. ಮಾಡ್ಲಿಕ್ಕೆ ಬಿಡದವರು ಸರಿ ಇಲ್ಲ."

ಕಾಫಿ ಮುಟ್ಟದೆ ಎದ್ದು ಹೋದಳು.

ಮರುದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ರಘುರಾಮ ನಿಂತಿದ್ದ. ಕೈಯಲ್ಲಿ ಗಂಟು, ಅದರ ತುಂಬ ಬಿಳಿ ಮಾಸ್ಕುಗಳು.

"ಇಡ್ಲಿ ತಟ್ಟೆಗೆ ಹಾಸುವ ಬಟ್ಟೆ, ಹೊಸದು. ದರ್ಜಿಯಿಂದ ನಾಲ್ಕು ಪದರ ಹೊಲಿಸಿ, ಇಡ್ಲಿ ಹಂಡೆಯಲ್ಲೇ ಹಬೆ ಕೊಟ್ಟೆ." ತಲೆ ತಗ್ಗಿಸಿದ. "ನಿನ್ನೆ ಹೇಳಿದ್ದು ದಡ್ಡತನ. ಕೆಲಸ ಬಿಡ್ಬೇಡಿ. ಸಹಿಯೂ ಹಾಕ್ಬೇಡಿ."

"ಸಾಂಬಾರಿನ ವಾಸನೆ ಬಂದ್ರೆ?"

"ಹಸಿವಾಗ್ತದೆ. ಆಗ ಹೋಟೆಲಿಗೆ ಬನ್ನಿ."

ಹತ್ತಕ್ಕೆ ಅಧಿಕಾರಿ ಬಂದರು. ಹನ್ನೆರಡು ನರ್ಸುಗಳ ಮುಖದ ಮೇಲೆ ವಿಚಿತ್ರ ಮಾಸ್ಕು. ಎಲ್ಲಿಯದೆಂದು ಕೇಳಿದರು.

"ಹೋಟೆಲಿನದು, ಸಾಹೇಬರೇ. ಆಸ್ಪತ್ರೆಯದು ಬೀಗದೊಳಗಿದೆ," ಎಂದಳು ವೈದೇಹಿ. "ಅದನ್ನು ಕೇಳಿದ್ದು ತಪ್ಪೆಂದು ಸಹಿ ಹಾಕಬೇಕಂತೆ. ನಾನು ಹಾಕುವುದಿಲ್ಲ."

"ನಮಗೂ ಒಂದೊಂದು ಕಾಗದ ಕೊಡಿ," ಎಂದಳು ಹಿಂದಿನಿಂದ ಇನ್ನೊಬ್ಬ ನರ್ಸು. "ನಾವೂ ಹಾಕುವುದಿಲ್ಲ."

ಅಧಿಕಾರಿ ಬೀಗದ ಕೈಗಾಗಿ ಸೂಪರಿಂಟೆಂಡೆಂಟರತ್ತ ಕೈ ಚಾಚಿದರು.

ಮಧ್ಯಾಹ್ನ ವೈದೇಹಿ ಹೋಟೆಲಿಗೆ ಬಂದಳು.

"ಕಪಾಟಿನ ಬೀಗ ತೆಗೆದರು. ಕೆಲಸವೂ ಉಳಿಯಿತು. ಶಾಂತಾಳ ಜ್ವರ ಮಾತ್ರ ಇಳಿದಿಲ್ಲ. ಒಬ್ಬರಾದರೂ ಅವಳ ಹತ್ತಿರ ಹೋಗಿ ತಪ್ಪಾಯಿತು ಅನ್ನಲಿಲ್ಲ." ಅವಳು ಕುರ್ಚಿ ಎಳೆದು ಕೂತಳು. "ಈ ಸಿಟ್ಟು ಹೋಗುವಂಥದ್ದಲ್ಲ, ರಾಯರೇ. ಇಂಥವಳನ್ನು ಮದುವೆಯಾಗ್ತೀರಾ?"

ರಘುರಾಮ ಎಲ್ಲರೆದುರು ಅವಳ ಪಕ್ಕದ ಕುರ್ಚಿಯಲ್ಲೇ ಕೂತ.

"ಸಿಟ್ಟು ಬಿಟ್ಟು ಬಂದ್ರೆ ನನಗೆ ನಿಮ್ಮ ಗುರುತೇ ಸಿಕ್ಲಿಕ್ಕಿಲ್ಲ. ಅದನ್ನೂ ಕರ್ಕೊಂಡೇ ಬನ್ನಿ."