ಗಣಿತಕ್ಕೆ ಬಂದ ನಾಲ್ವರು

“ನಾಕು ಮಂದಿ ಬಂದ್ರು, ಮೂರು ಮಂದಿ ಹೋದ್ರು” ಎಂದಳು ಭಾಗ್ಯಾ.

ಹೆಡ್‌ಮಾಸ್ತರ ಸೋಮಶೇಖರ ಸರ್ ಕೈಯಲ್ಲಿದ್ದ ಚಹಾದ ಕಪ್ಪು ಬಾಯಿಯ ತನಕ ಹೋಗಿ ಅಲ್ಲೇ ನಿಂತಿತು.

ಗೋಕಾಕದ ಆ ಖಾಸಗಿ ಶಾಲೆಯಲ್ಲಿ ಹೊಸ ಅಡ್ಮಿಶನ್ ಶುರುವಾಗಿತ್ತು. ಆ ಶನಿವಾರ ಅಂಕಲಗಿ ಕಡೆಯಿಂದ ಪಾರವ್ವ ಎಂಬವರು ಮಗಳನ್ನು ಕರೆದುಕೊಂಡು ಬಂದಿದ್ದರು. ಬಂದವರ ಮುಂದೆ ಮಾತಾಡಲಿ ಎಂದು ಸರ್ ಐದನೆಯ ತರಗತಿಯ ಭಾಗ್ಯಾಳನ್ನು ಆಫೀಸಿಗೆ ಕರೆಸಿದ್ದರು. “ಏನ್ ಕೇಳಿದ್ರೂ ಚಲೋ ಐತ್ರಿ ಅನ್ನು” ಎಂದು ಮೊದಲೇ ಹೇಳಿಕೊಟ್ಟಿದ್ದರು.

ಮೈದಾನ ಹೇಗಿದೆ ಎಂದರೆ ಚಲೋ ಐತ್ರಿ. ಕಂಪ್ಯೂಟರ್ ಲ್ಯಾಬ್ ಚಲೋ ಐತ್ರಿ. ಆದರೆ ಪಾರವ್ವ, “ಈ ವರ್ಷ ನಿಮಗ ಗಣಿತ ಕಲಿಸಾಕ ಎಷ್ಟ ಮಂದಿ ಬಂದ್ರವಾ?” ಎಂದುಬಿಟ್ಟರು. ಅದಕ್ಕೆ ಚಲೋ ಐತ್ರಿ ಎಂದರೆ ಉತ್ತರವಾಗುವುದಿಲ್ಲವಲ್ಲ!

“ಟೀಚರ್ ಬರೂದು ಹೋಗೂದು ಎಲ್ಲಾ ಸಾಲ್ಯಾಗೂ ಇದ್ದದ್ದರಿ ಅಕ್ಕಾರ” ಎಂದು ಸರ್ ನಕ್ಕರು.

“ಖರೆ ಐತ್ರಿ. ನಮ್ಮೂರ ಸರ್ಕಾರಿ ಸಾಲ್ಯಾಗ ಇಬ್ಬರಾಗ ಒಬ್ರು ಹೋದ್ರು. ಅರ್ಧಾ ಸಾಲೀನ ಖಾಲಿ ಆತು ಅಂದ್ರು ಮಂದಿ. ಆದ್ರ ಆ ಮಾಸ್ತರಿಗೆ ಅರವತ್ತಾಗಿತ್ತು, ರಿಟೈರ್ ಆದ್ರು.” ಪಾರವ್ವ ಭಾಗ್ಯಾಳ ಕಡೆ ತಿರುಗಿದರು. “ನಿಮ್ಮವರು ಯಾಕ ಹೋದ್ರು ತಂಗಿ?”

ಸರ್ ಕಣ್ಣು ದೊಡ್ಡದು ಮಾಡಿದರು. ಆದರೂ ಭಾಗ್ಯಾ ತಲೆ ಕೆಳಗೆ ಹಾಕಲಿಲ್ಲ.

“ಒಬ್ರಿಗೆ ಸರ್ಕಾರಿ ನೌಕರಿ ಸಿಕ್ತ್ರಿ, ಪೇಢೆ ಹಂಚಿ ಹೋದ್ರು. ಇನ್ನಿಬ್ಬರದು ಹಂಗಲ್ರಿ. ನಾಕನೇ, ಐದನೇ, ಆರನೇ ಮೂರೂ ಕ್ಲಾಸ್ ಒಂದ ಹಾಲ್‌ನ್ಯಾಗ ಕುಂಡ್ರಸ್ತಾರ್ರಿ. ಒದರಿ ಒದರಿ ಅವರ ದನೀನ ಬಿದ್ದ ಹೋಗಿತ್ರಿ. ಕನ್ನಡ ಟೀಚರ್ ಮಾತ್ರ ನಾ ಒಂದನೇ ಕ್ಲಾಸ್ ಇದ್ದಾಗಿಂದ ಅದಾರ್ರಿ.”

“ಸಾಕು, ಹೊರಗ ನಡಿ!” ಸರ್ ಎದ್ದೇ ನಿಂತರು. “ಸೋಮವಾರ ನಿಮ್ಮಪ್ಪನ್ನ ಕರಕೊಂಡ ಬಾ.”

“ಬರ್ತೇನ್ರಿ. ಅಪ್ಪನ ಮುಂದೂ ಇದನ್ನ ಹೇಳ್ತೇನ್ರಿ.”

ಪಾರವ್ವ ಬರೆಯದ ಫಾರ್ಮನ್ನು ಮಡಚಿ ಚೀಲದಲ್ಲಿಟ್ಟರು. “ವಿಚಾರ ಮಾಡಿ ಬರ್ತೇನ್ರಿ ಸರ್.”

ಭಾಗ್ಯಾ ಹೊರಗೆ ಬಂದರೆ ಬಾಗಿಲ ಬಾಜೂ ಹೊಸ ಗಣಿತದ ಮಿಸ್ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ಆ ನಾಕರಾಗ ನಾನೂ ಇದ್ದೇನೇನು?”

“ಹೂನ್ರಿ. ಹೋದವರಾಗ ಇಲ್ರಿ... ಇನ್ನೂ.”

‘ಇನ್ನೂ’ ಎಂಬುದನ್ನು ಭಾಗ್ಯಾ ಬೇಕೆಂದೇ ಸೇರಿಸಿದ್ದಳು. ಎರಡನೆಯ ಮಿಸ್ ಹೋದಾಗ ಅತ್ತಿದ್ದಳು. ಇನ್ನು ಯಾರಿಗಾಗಿಯೂ ಅಳುವುದಿಲ್ಲ ಎಂದು ಅಂದೇ ಗಟ್ಟಿ ಮಾಡಿಕೊಂಡಿದ್ದಳು.

“ನೀವು ಎಷ್ಟ ದಿನಾ ಇರ್ತೀರಿ?”

ಮಿಸ್ ನಗಲಿಲ್ಲ, ಬೈಯಲೂ ಇಲ್ಲ. “ಗೊತ್ತಿಲ್ಲ. ಕ್ಲಾಸ್ ಬ್ಯಾರೆ ಮಾಡ್ರಿ ಅಂತ ಸರ್‌ನ ಎರಡ ಸಲ ಕೇಳೇನಿ. ಇವತ್ತ ಮತ್ತ ಕೇಳೂಣು ಅಂತ ಬಂದೆ. ಒಳಗ ಹೋಗಾಕ ಧೈರ್ಯ ಆಗಲಿಲ್ಲ, ಇಲ್ಲೇ ನಿಂತೆ.”

ಹಾಗೆಂದು ಸೆರಗು ಸರಿಮಾಡಿಕೊಂಡು ಬಾಗಿಲು ತಟ್ಟಿದರು. “ಬರ್ಲೇನ್ರಿ ಸರ್?”

ಸಂಜೆ ಭಾಗ್ಯಾ ಅಪ್ಪನಿಗೆ ಒಂದೂ ಬಿಡದೆ ಹೇಳಿದಳು. ಅಪ್ಪ ಕಾಶಿನಾಥ ಕಬ್ಬಿನ ಟ್ರ್ಯಾಕ್ಟರ್ ತೊಳೆಯುತ್ತಿದ್ದ.

“ಸರ್‌ಗೆ ಎದುರ ಮಾತಾಡಿದೆ?”

“ಕೇಳಿದ್ದಕ್ಕ ಖರೆ ಹೇಳೇನಿ. ತಪ್ಪೇನೈತಿ?”

ಅಪ್ಪ ಒಂದು ಗಾಲಿ ಪೂರ್ತಿ ತೊಳೆದು ಮುಗಿಸಿದ. “ಬರ್ತೇನಿ. ಆ ಗಣಿತದ ಮಿಸ್‌ನೂ ಮಾತಾಡಸೂಣು. ಅವರ ಹೆಸರೇನು?”

ಭಾಗ್ಯಾ ಬಾಯಿ ತೆರೆದಳು. ಮಿಸ್ ಬಂದು ಇಪ್ಪತ್ತು ದಿನವಾಗಿತ್ತು. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಹೋದರು ಎಂದು ಅವಳು ಥಟ್ಟನೆ ಹೇಳಬಲ್ಲಳು. ಹೆಸರು ಮಾತ್ರ ಗೊತ್ತಿರಲಿಲ್ಲ.

ಸೋಮವಾರ ಅಪ್ಪ ಆಫೀಸಿನೊಳಗೆ ಹೋದ. ಭಾಗ್ಯಾ ಹಾಲ್‌ಗೆ ಓಡಿದಳು. ಅಲ್ಲಿ ಆರನೆಯ ತರಗತಿಯವರು ಬೆಂಚುಗಳನ್ನು ಬಾಜೂ ಕೋಣೆಗೆ ಎಳೆಯುತ್ತಿದ್ದರು. ಒಂದು ಬೆಂಚನ್ನು ಮಿಸ್ ತಾವೇ ಎತ್ತಲು ನೋಡುತ್ತಿದ್ದರು.

“ಮಿಸ್, ನಿಮ್ಮ ಹೆಸರೇನ್ರಿ?”

“ದುಂಡವ್ವ. ಮೊದಲನೇ ದಿನಾನ ಹೇಳಿದ್ನಲ್ಲ?”

“ಅವತ್ತ ನಾ ಲಕ್ಷ್ಯ ಕೊಟ್ಟ ಕೇಳಿರಲಿಲ್ರಿ” ಎಂದು ಭಾಗ್ಯಾ ಬೆಂಚಿನ ಇನ್ನೊಂದು ತುದಿ ಹಿಡಿದಳು.