ಬಳಸಬೇಡಿ ಎಂದು ಚೀಟಿ ಅಂಟಿಸಿದ ಪೆನ್‌ಡ್ರೈವ್

ಮಂಗಳವಾರ ಬೆಳಿಗ್ಗೆ 11.20ಕ್ಕೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದರು. ಅಲಮಾರಿಯಲ್ಲಿದ್ದ ಪೆನ್‌ಡ್ರೈವ್ ಒಂದು ಕಳುವಾಗಿದೆ ಎಂಬುದು ಅವರ ದೂರು.

"ಪೆನ್‌ಡ್ರೈವ್‌ಗೂ ಎಫ್‌ಐಆರಾ?" ಎಂದು ಕಾನ್‌ಸ್ಟೇಬಲ್ ಮುಸಿಮುಸಿ ನಕ್ಕ. ಹೆಬ್ಬೆರಳಿನಷ್ಟು ದಪ್ಪ ಅಕ್ಷರ ಬರೆಯುವ ಇವನನ್ನು ಠಾಣೆಯಲ್ಲಿ ಎಲ್ಲರೂ ಕರೆಯುವುದೇ ದಪ್ಪಕ್ಷರ ಎಂದು.

ಮ್ಯಾನೇಜರ್ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಅದು ಅಂತಿಂಥದ್ದಲ್ಲ ಸರ್. ಸರ್ವರ್ ಅದರಿಂದಲೇ ಬೂಟ್ ಆಗಿ, ಹಳೇ ಸಿಸ್ಟಮ್ ಅಳಿಸಿ ಹೊಸದು ಹಾಕ್ಕೊಳ್ಳತ್ತೆ. ಇವತ್ತು ಎರಡು ಗಂಟೆಗೆ ಅಪ್‌ಡೇಟ್ ಇತ್ತು. ಕಂಪನಿಯವರು ಮಾಡಿಕೊಟ್ಟಿದ್ದು ಅದೊಂದೇ."

"ಯಾರ ಮೇಲಾದ್ರೂ ಅನುಮಾನ?"

"ಹೊರಗಿನೋರ ಕೈವಾಡ ಸರ್. ನಮ್ಮೋರಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು?"

11.45ಕ್ಕೆ ಎಫ್‌ಐಆರ್ ದಾಖಲಾಯಿತು. 12.10ಕ್ಕೆ ಇನ್‌ಸ್ಪೆಕ್ಟರೂ ದಪ್ಪಕ್ಷರನೂ ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿದ್ದರು. ಹಲ್ಲು ಕಟಕಟ ಅನ್ನುವಷ್ಟು ಚಳಿ, ಕಿವಿ ತುಂಬ ಫ್ಯಾನ್‌ಗಳ ಸದ್ದು. ಮುನ್ನೂರು ರೋಗಿಗಳಿಗೆ ಯಾವ ಔಷಧಿ, ಎಷ್ಟು ಹೊತ್ತಿಗೆ ಎಂಬ ಪಟ್ಟಿ ಪೂರ್ತಿ ಇಲ್ಲಿಯ ಒಂದೇ ಸರ್ವರ್‌ನಲ್ಲಿತ್ತು. ಅಲಮಾರಿಯ ಬೀಗ ಒಡೆದಿರಲಿಲ್ಲ. ಅದರ ಕೀಲಿ ಪಕ್ಕದ ಮೊಳೆಗೇ ನೇತಾಡುತ್ತಿತ್ತು.

ಕೋಣೆ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಐವತ್ತರ ಆಸುಪಾಸು. ದೊಡ್ಡ ಡಾಕ್ಟರರಿಂದ ಹಿಡಿದು ಎಲ್ಲರಿಗೂ ಆಕೆ ಸರ್ವರ್ ಅಕ್ಕ. ಆಕೆಯ ಕಪಾಟಿನಲ್ಲಿ ಸಾಲಾಗಿದ್ದ ಪೆನ್‌ಡ್ರೈವ್‌ಗಳ ಮೇಲೆಲ್ಲ ಚೀಟಿಗಳು: ತಯಾರಿಸಿದ ತಾರೀಖು, ಯಾವ ಯಂತ್ರಕ್ಕೆ, ಪರೀಕ್ಷೆ ಆಗಿದೆಯೋ ಇಲ್ಲವೋ. ಜಪ್ತಿ ಮಾಡಿದ ವಸ್ತುಗಳನ್ನು ರಾಶಿ ಹಾಕಿದ್ದ ಠಾಣೆಯ ಮುದ್ದೆಮಾಲು ಕೋಣೆ ನೆನಪಾಗಿ ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು.

"ಇಂಥವನ್ನ ಹೇಗೆ ತಯಾರು ಮಾಡ್ತೀರಿ?"

"ಕಂಪನಿಯವರು ಫೈಲ್ ಜೊತೆ ಅರವತ್ನಾಲ್ಕು ಅಕ್ಷರದ ಗುರುತು ಕೊಟ್ಟಿರ್ತಾರೆ ಸರ್. ಫೈಲಲ್ಲಿ ಒಂದು ಚುಕ್ಕೆ ಹೆಚ್ಚುಕಮ್ಮಿ ಆದ್ರೂ ಗುರುತು ಪೂರ್ತಿ ಬದಲಾಗತ್ತೆ. ಇಳಿಸ್ಕೊಂಡ ಮೇಲೆ ಒಂದ್ಸಲ, ಪೆನ್‌ಡ್ರೈವ್‌ಗೆ ಬರೆದ ಮೇಲೆ ಇನ್ನೊಂದ್ಸಲ ತಾಳೆ ನೋಡ್ಬೇಕು. ಆಮೇಲೆ ಪಕ್ಕದ ಕೋಣೇಲಿರೋ ಹಳೇ ಸರ್ವರ್‌ಗೆ ಹಾಕಿ ಪರೀಕ್ಷೆ."

"ಎಷ್ಟು ಹೊತ್ತು ಹಿಡಿಯತ್ತೆ?"

"ತಾಳೆ, ಪರೀಕ್ಷೆ ಎಲ್ಲ ಮಾಡಿದ್ರೆ ಅರ್ಧ ದಿನ. ಮಾಡ್ದೇ ಇದ್ರೆ ಹತ್ತು ನಿಮಿಷ."

ಎಲ್ಲರೂ ಬಳಸುವ ಕಂಪ್ಯೂಟರಿನ ದಾಖಲೆಯನ್ನು ದಪ್ಪಕ್ಷರ ಮುದ್ರಿಸಿ ತಂದ. ಪೆನ್‌ಡ್ರೈವ್ ಚುಚ್ಚಿದ್ದು 9.04. ಗುರುತು ಲೆಕ್ಕ ಹಾಕಿದ್ದು 9.06. ಮತ್ತೆ ಹಾಕಿದ್ದು 9.31. ಕೊನೆಯ ಸಾಲು ಓದಿದ ಇನ್‌ಸ್ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. 1.15ಕ್ಕೆ ಸರ್ವರ್ ಅಕ್ಕನನ್ನು ಕೂರಿಸಿಕೊಂಡು ಕೇಳಿದರು.

"ಕದ್ದೋರು ಕಿತ್ಕೊಂಡು ಓಡಿಲ್ಲ. 'ಸುರಕ್ಷಿತವಾಗಿ ತೆಗೆಯಿರಿ' ಅನ್ನೋದನ್ನ ಒತ್ತಿ, ಕಂಪ್ಯೂಟರ್ ಒಪ್ಪೋವರೆಗೂ ಕಾದಿದ್ದಾರೆ. ಈ ಆಸ್ಪತ್ರೇಲಿ ಹಾಗೆ ಕಾಯೋರು ಎಷ್ಟು ಜನ?"

ಆಕೆ ಊಟದ ಚೀಲ ಹತ್ತಿರಕ್ಕೆ ಎಳೆದುಕೊಂಡಳು. "ನಾನೊಬ್ಬಳೇ ಸರ್."

ಅದರೊಳಗಿಂದ ಪೆನ್‌ಡ್ರೈವ್ ಹೊರಬಂತು. ಕದ್ದ ಮಾಲಿಗೂ ಚೀಟಿ ಅಂಟಿಸಿದ್ದಳು: ಇವತ್ತಿನ ತಾರೀಖು, ಕೆಳಗೆ 'ಬಳಸಬೇಡಿ'.

"ಗುರುತು ತಾಳೆ ಆಗ್ತಿಲ್ಲ ಸರ್. ಇದನ್ನ ಹಾಕಿದ್ರೆ ಹಳೇದು ಅಳಿಸಿಹೋಗತ್ತೆ, ಹೊಸದು ಕೂರಲ್ಲ. ಔಷಧಿ ಪಟ್ಟಿ ಯಾರಿಗೂ ಕಾಣಲ್ಲ. ಮ್ಯಾನೇಜರ್‌ಗೆ ಎರಡು ಸಲ ಹೇಳ್ದೆ. ಕಂಪನಿಯೋರಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂದ್ರು. ಹಳೇ ಸರ್ವರ್ ಕೋಣೆ ಕೀಲಿನೂ ಕೊಡ್ಲಿಲ್ಲ. ನಿರ್ದೇಶಕರು ಫೋನ್ ಎತ್ಲಿಲ್ಲ." ಆಕೆ ಎರಡೂ ಕೈ ಮುಂದೆ ಚಾಚಿದಳು. "ನನ್ನ ಕರ್ಕೊಂಡು ಹೋಗಿ ಸರ್. ಅದನ್ನ ಮಾತ್ರ ಅವರ ಕೈಗೆ ಕೊಡಬೇಡಿ."

"ಮೊದಲು ಪಂಚನಾಮೆ ಆಗ್ಲಿ."

ಲಿಫ್ಟ್ ನಡೆಸುವವನೂ ಲ್ಯಾಬಿನ ನರ್ಸೂ ಪಂಚರಾದರು. ಯಾರೋ ಬದಲಾಯಿಸಿದರೆಂಬ ಮಾತು ಬರಬಾರದು, ಗುರುತನ್ನು ಬರೆದುಕೊಳ್ಳಿ ಎಂದವಳು ಆಕೆಯೇ. ಆಕೆ ಓದಿದಳು, ದಪ್ಪಕ್ಷರ ಬರೆದ. ಪುಟ ಮುಗಿದರೂ ಅರವತ್ನಾಲ್ಕು ಮುಗಿಯಲಿಲ್ಲ.

"ಅಣ್ಣ, ಅಲ್ಲಿ ಒಂಬತ್ತು. ನೀವು ಏಳು ಬರೆದಿದ್ದೀರಿ."

"ಅಕ್ಕ, ಇದು ನಿಮ್ಮ ಮೇಲಿನ ಕೇಸಿಗೇ ಸಾಕ್ಷಿ!"

"ಆಗ್ಲಿ ಬಿಡಿ. ತಪ್ಪು ಬರೀಬೇಡಿ."

ದಪ್ಪಕ್ಷರ ಏಳು ಹೊಡೆದು ಒಂಬತ್ತು ಬರೆದ. ಇಂಥ ಆರೋಪಿಯನ್ನು ಇನ್‌ಸ್ಪೆಕ್ಟರ್ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಮ್ಯಾನೇಜರಿಂದ ಕೀಲಿ ತರಿಸಿ, ಪಂಚರ ಎದುರಿಗೇ ಪೆನ್‌ಡ್ರೈವನ್ನು ಹಳೇ ಸರ್ವರ್‌ಗೆ ಹಾಕಿಸಿದರು. ಪರದೆಯ ಮೇಲಿನ ಪಟ್ಟಿ ಶೇಕಡಾ 38ಕ್ಕೆ ಬಂದು ನಿಂತಿತು. ಹದಿನೈದು ನಿಮಿಷ ಕಾದರೂ ಮುಂದಕ್ಕೆ ಹೋಗಲಿಲ್ಲ. ಆರಿಸಿ ಮತ್ತೆ ಹಚ್ಚಿದಾಗ ಬರೀ ಕಪ್ಪು ಪರದೆ. ಸಮಯ 2.30. ಮ್ಯಾನೇಜರ್ ಮುಖ ಬಿಳಿಚಿಕೊಂಡಿತು.

"ದೂರು ವಾಪಸ್ ತಗೋತೀನಿ ಸರ್."

"ಎಫ್‌ಐಆರ್ ಆಗಿದೆ. ಇನ್ನು ನ್ಯಾಯಾಲಯ ನೋಡ್ಕೊಳ್ಳತ್ತೆ. ಈ ಪರೀಕ್ಷೆನೂ ಪಂಚನಾಮೆಯಲ್ಲಿ ಬರತ್ತೆ."

ಪೆನ್‌ಡ್ರೈವ್‌ಗೆ ಅರಗಿನ ಮುದ್ರೆ ಬಿತ್ತು. 3.00ಕ್ಕೆ ಸರ್ವರ್ ಅಕ್ಕನ ಬಂಧನವಾಯಿತು. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ತಾವೇ ಕುರ್ಚಿ ಎಳೆದು ಕೂರಿಸಿ, ಇಷ್ಟಕ್ಕೆಲ್ಲ ಕಾರಣವೇನೆಂದು ಕೇಳಿದರು.

ಹತ್ತೊಂಬತ್ತು ವರ್ಷದ ಹಿಂದೆ, ಮೊದಲ ನೌಕರಿಯಲ್ಲಿ, ಆಕೆ ಅವಸರದಲ್ಲಿ ತಾಳೆ ನೋಡದೆ ಇಂಥದೇ ಒಂದು ಡಿಸ್ಕ್ ಮಾಡಿದ್ದಳಂತೆ. ಆರು ಗಂಟೆ ಹೊತ್ತು ಔಷಧಿ ಪಟ್ಟಿ ಸಿಗಲಿಲ್ಲ. ನರ್ಸುಗಳು ಹಾಸಿಗೆಯಿಂದ ಹಾಸಿಗೆಗೆ ಓಡಿ, ಬೆಳಿಗ್ಗೆ ಯಾವ ಮಾತ್ರೆ ತಗೊಂಡ್ರಿ ಎಂದು ರೋಗಿಗಳನ್ನೇ ಕೇಳುತ್ತಿದ್ದರು. ಹೇಗೋ ಯಾರಿಗೂ ಏನೂ ಆಗಲಿಲ್ಲ.

"ಆಮೇಲೆ ನಿಮಗೆ ಏನಂದ್ರು?"

"ಯಾರೂ ಏನೂ ಅನ್ಲಿಲ್ಲ," ಎಂದಳು. "ಬೈದಿದ್ರೆ ಮರೀತಿದ್ದೆ ಸರ್."