ಬಯಲಿಗೆ ಬಿದ್ದ ಹೆಬ್ಬೆಟ್ಟು

"ನಗಬೇಡಿ ಸಾಹೇಬ್ರೇ," ಎಂದರು ಪತ್ರ ಬರೆಯುವ ಮುದುಕರು. "ಬಯಲು ಕೊಂಡ್ಕೊಳ್ಳಿ, ಬೇಡ ಅನ್ನಲ್ಲ. ಕೈಯಲ್ಲಿರೋ ದುಡ್ಡು ಕೊಟ್ಟು ಕೊಂಡ್ಕೊಳ್ಳಿ. ಆದ್ರೆ ಆ ನೆಲಕ್ಕೆ ಇನ್ನೊಬ್ಬರ ಹೆಬ್ಬೆಟ್ಟು ಒತ್ತಿಸ್ಬೇಡಿ. ಜಾಮೀನು ನಿಂತೋರನ್ನ ಅದು ಬಿಡಲ್ಲ."

"ತಾತಾ, ಜಾಮೀನು ನಿಂತೋರನ್ನ ಬಿಡದೇ ಇರೋದು ನೆಲ ಅಲ್ಲ, ನಾವು. ಬ್ಯಾಂಕಿನೋರು!"

ತನ್ನ ಮಾತಿಗೆ ತಾನೇ ನಕ್ಕ ಅವನು ಆ ಪಟ್ಟಣದ ಬ್ಯಾಂಕಿಗೆ ಸಾಲದ ಅಧಿಕಾರಿಯಾಗಿ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಮುದುಕರು ನಗಲಿಲ್ಲ. ಲೇಖನಿಯ ಮೂತಿಯನ್ನು ಬಟ್ಟೆಯಲ್ಲಿ ಒರೆಸಿ, ಕ್ರಯಪತ್ರದ ಮುಂದಿನ ಸಾಲು ಬರೆಯತೊಡಗಿದರು.

ಬಯಲು ಪಟ್ಟಣದಿಂದ ಎರಡು ಹರಿದಾರಿ ಆಚೆಗಿತ್ತು. ರಸ್ತೆಯಿಲ್ಲ, ನೀರಿಲ್ಲ, ದೀಪದ ಕಂಬವಿಲ್ಲ. ಅಂಥ ಬರಿಯ ನೆಲಕ್ಕೆ ಬ್ಯಾಂಕು ಬೆಲೆಯ ಅರ್ಧಕ್ಕಿಂತ ಹೆಚ್ಚು ಕೊಡುವುದಿಲ್ಲ. ಕೊಟ್ಟರೂ ಬೇರೊಬ್ಬರ ಜಾಮೀನು ಬೇಕೇ ಬೇಕು. ಕಟ್ಟಿದ ಮನೆಯಾದರೆ ಹರಾಜಿಗೆ ಇಡಬಹುದು, ಮುಳ್ಳುಪೊದೆಯನ್ನು ಯಾರು ಕೂಗುತ್ತಾರೆ? ಸಾಲಗಾರ ತನಗೆ ತಾನೇ ಜಾಮೀನಾಗಲಾರ. ಈ ಮಾತನ್ನು ದಿನಕ್ಕೆ ಹತ್ತು ಜನರಿಗೆ ಗಿಣಿಪಾಠ ಒಪ್ಪಿಸುತ್ತಿದ್ದವನು ಅವನೇ. ಈಗ ಮೇಜಿನ ಈಚೆ ಬದಿಗೆ ಬಂದು ಕುಳಿತಾಗ ಅವನಿಗೂ ಅದೇ ನಿಯಮ.

ಜಾಮೀನಿಗೆ ಅವನಿಗಿದ್ದವಳು ಒಬ್ಬಳೇ ಅಕ್ಕ. ತಂದೆತಾಯಿ ತೀರಿಹೋದಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನೇಳು. ಹೊಲಿಗೆ ಯಂತ್ರ ತುಳಿದು ತುಳಿದು ಅವನನ್ನು ಓದಿಸಿದಳು. ಮದುವೆಯ ಮಾತು ಬಂದಾಗಲೆಲ್ಲ "ಇವನಿಗೊಂದು ದಾರಿಯಾಗಲಿ" ಎಂದಳು. ಅವನಿಗೆ ದಾರಿಯಾಗುವ ಹೊತ್ತಿಗೆ ಅವಳ ತಲೆ ನರೆತಿತ್ತು. ಹನ್ನೊಂದು ಬಾಡಿಗೆ ಮನೆ ಬದಲಾಯಿಸಿದ್ದರು. ಪ್ರತಿ ಸಲವೂ ಯಂತ್ರವನ್ನು ಕೂಸಿನಂತೆ ಎದೆಗವಚಿಕೊಂಡು ಅವಳೇ ಗಾಡಿ ಹತ್ತುತ್ತಿದ್ದಳು. ಹನ್ನೆರಡನೆಯದು ಅವಳ ಸ್ವಂತದ್ದಾಗಬೇಕು, ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳುವಂತಿರಬಾರದು ಎಂಬುದೊಂದೇ ಅವನ ಆಸೆ.

"ಎಲ್ಲಿ ಒತ್ಬೇಕೋ ಮರಿ?"

"ಮೊದಲು ಓದು ಅಕ್ಕ."

"ನಿನ್ನ ಮೂಗು ಒರೆಸಿದೋಳು ನಾನು. ನಿನ್ನ ಕಾಗದ ಓದ್ಲಾ?"

"ಆ ನೆಲ ಜಾಮೀನು ನಿಂತೋರನ್ನ ತಿನ್ನುತ್ತಂತೆ. ಪತ್ರ ಬರೆಯೋ ತಾತ ಹೇಳ್ತಿದ್ರು."

"ತಿನ್ಲಿ ಬಿಡು. ಈ ಒಣ ಕಟ್ಟಿಗೇಲಿ ಅದಕ್ಕೇನು ಸಿಗುತ್ತೆ?"

ಸಹಿ ಹಾಕಿ, ಮಸಿಯ ಪೆಟ್ಟಿಗೆಗೆ ಬೆರಳದ್ದಿ ಒತ್ತಿದಳು. ಅವನ ಶಾಲೆಯ ಅಂಗಿ ಹೊಲಿಯುವಾಗ ಒಮ್ಮೆ ಸೂಜಿ ಅವಳ ಹೆಬ್ಬೆರಳನ್ನು ಸೀಳಿಕೊಂಡು ಹೋಗಿತ್ತು. ಕಾಗದದ ಮೇಲೆ ಗೆರೆಗಳ ಸುಳಿಯ ನಡುವೆ ಆ ಗಾಯ ಒಂದು ಬಿಳಿ ಅಡ್ಡಗೀಟಾಗಿ ಮೂಡಿತು.

ಅದಾದ ಮೂರನೆಯ ವಾರ ಅಕ್ಕ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬಾಯಲ್ಲೆಲ್ಲ ಮಣ್ಣಿನ ರುಚಿ ಎಂದಳು. ಮರುದಿನ ಹೊಲಿಗೆ ಯಂತ್ರ ನಿಂತಿತು. ಅವನು ಬಿಚ್ಚಿ ನೋಡಿದರೆ ಒಳಗೆ ಎಣ್ಣೆಯ ಬದಲು ನುಣ್ಣನೆಯ ಕೆಂಪು ಧೂಳು. ಆಮೇಲೆ ಅವಳ ಹಿಮ್ಮಡಿಗಳು ಬಿರಿದವು. ಬಿರುಕು ಕಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಹತ್ತಿತು. ಬೇಸಿಗೆಯಲ್ಲಿ ಕೆರೆಯ ತಳ ಬಿರಿಯುವುದಿಲ್ಲವೇ, ಹಾಗೆ. ಅದರಿಂದ ರಕ್ತ ಬರಲಿಲ್ಲ. ಮಣ್ಣು ಉದುರಿತು. ಬೆಳಿಗ್ಗೆ ಹಾಸಿಗೆ ಕೊಡವಿದರೆ ಬೊಗಸೆ ಮಣ್ಣು.

ವೈದ್ಯರು ಮುಲಾಮು ಬರೆದುಕೊಟ್ಟರು. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ನಾಲ್ಕು ಜನ ಬಂದು ಎತ್ತಿದರು. ಕಡ್ಡಿಯಂತಾಗಿದ್ದ ಆ ದೇಹ ಮಂಚ ಬಿಟ್ಟು ಏಳಲಿಲ್ಲ. ನೆಲವನ್ನು ಎತ್ತುವವರು ಯಾರು? ಮುಚ್ಚಿದ ಕೋಣೆಯಲ್ಲಿ ಆಗತಾನೇ ತೋಡಿದ ಗುಂಡಿಯ ವಾಸನೆ ತುಂಬಿಕೊಂಡಿತ್ತು.

ಅವನು ವ್ಯವಸ್ಥಾಪಕರ ಬಳಿಗೆ ಓಡಿದ. "ಅಕ್ಕನ ಹೆಸರು ಹೊಡೆದುಹಾಕಿ ಸರ್."

"ಅದಕ್ಕೇನ್ರೀ, ಹೊಡೆದುಹಾಕೋಣ. ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ, ಅವರ ಹೆಸರು ಬರೆಯೋಣ."

ಯಾರನ್ನು ಕರೆತರುವುದು? ಯಾರ ಮನೆಯ ಅಕ್ಕನನ್ನು? ಅವನು ಹೊರಗೆ ಬಂದ.

ಪತ್ರ ಬರೆಯುವ ಮುದುಕರು ಅವನ ಮುಖ ನೋಡಿಯೇ ಲೇಖನಿ ಕೆಳಗಿಟ್ಟರು.

"ಹೆಬ್ಬೆಟ್ಟು ಒತ್ತಿಸಿದ್ರಿ."

"ಹೌದು ತಾತಾ. ಅಕ್ಕನ ಕೈಲಿ."

ಮುದುಕರು ನಿಧಾನವಾಗಿ ಹೇಳಿದರು. ಹಿಂದೆ ಒಬ್ಬಳು ತನ್ನ ಅಣ್ಣ ಆ ಬಯಲು ಕೊಳ್ಳಲು ಮಾಡಿದ ಸಾಲಕ್ಕೆ ಜಾಮೀನು ನಿಂತಳು. ಅಣ್ಣ ದುಡ್ಡು ತೆಗೆದುಕೊಂಡು ರಾತ್ರೋರಾತ್ರಿ ಪರಾರಿಯಾದ. ಸಾಲ ಕೊಟ್ಟವರು ಅವಳ ಮನೆ ಎಳೆದುಕೊಂಡರು. ಕೊನೆಗೆ ಉಳಿದ ಒಂದು ಜೊತೆ ಬಳೆ ಕೊಟ್ಟು ಅವಳು ಮಾಟ ಮಾಡಿಸಿದಳು. ಆ ನೆಲಕ್ಕಾಗಿ ಇನ್ನೊಬ್ಬರನ್ನು ಮುಂದೆ ನಿಲ್ಲಿಸುವವನು ಮಣ್ಣಾಗಲಿ ಎಂದು.

"ಹಾಗಾದ್ರೆ ನಾನಲ್ವಾ ಮಣ್ಣಾಗಬೇಕಾದೋನು?"

"ಮಾಟಕ್ಕೆ ಕಣ್ಣಿಲ್ಲಪ್ಪಾ. ಸಾಲಗಾರನ್ನ ಹಿಡಿ ಅಂದ್ರೆ ಕೈಗೆ ಸಿಕ್ಕ ಜಾಮೀನುದಾರನ್ನ ಹಿಡಿಯುತ್ತೆ. ನಿಮ್ಮ ಬ್ಯಾಂಕಿನ ಹಾಗೇ." ಅದು ಕೊಂಕಾಗಿರಲಿಲ್ಲ. "ಬಯಲಿನ ಮೂಲೇಲಿ ಚಪ್ಪಡಿ ಮುಚ್ಚಿದ ಗುಂಡಿ ಇದೆ. ಒಳಗೆ ಜಾಮೀನು ನಿಂತೋರ ಮಣ್ಣಿನ ಗೊಂಬೆ ತಾನಾಗೇ ಮೂಡುತ್ತೆ. ಎದೆ ಮೇಲೆ ಹೆಬ್ಬೆಟ್ಟಿರುತ್ತೆ. ಅದು ಒಣಗೋ ಮುಂಚೆ ನೀರು ಹಾಕಿ ಅಳಿಸಿದ್ರೆ ಜೀವ ಉಳಿಯುತ್ತೆ. ಸಾಲ ತೀರಿಸಿದ್ರೂ ಇಲ್ಲ, ನೆಲ ಮಾರಿದ್ರೂ ಇಲ್ಲ. ಅಳಿಸಿದ್ರೆ ಮಾತ್ರ."

ಅವನು ಆಗಲೇ ಎದ್ದಿದ್ದ. ಮುದುಕರು ತೋಳು ಹಿಡಿದರು.

"ಪೂರ್ತಿ ಕೇಳು ಮಗಾ. ಜಾಮೀನು ಅಂದ್ರೆ ಏನು? ಇವನು ನನ್ನೋನು ಅಂತ ಕೊಟ್ಟ ಮಾತು. ಹೆಬ್ಬೆಟ್ಟು ಅಳಿಸಿದ್ರೆ ಆ ಮಾತೂ ಅಳಿಸಿಹೋಗುತ್ತೆ. ಅವಳು ಬದುಕ್ತಾಳೆ. ನೀನು ಅವಳಿಗೆ ಯಾರೂ ಅಲ್ಲ."

"ನಿಮಗೆ ಹೇಗೆ ಗೊತ್ತು?"

"ನನಗೆ ಜಾಮೀನು ನಿಂತೋಳು ನನ್ನ ಹೆಂಡ್ತಿ. ಗೊಂಬೆ ಕೈಲಿ ಹಿಡ್ಕೊಂಡು ಸಂಜೆ ತನಕ ಕೂತಿದ್ದೆ. ಅಳಿಸೋಕೆ ಮನಸ್ಸು ಬರಲಿಲ್ಲ. ನನ್ನ ಹೆಸರು ಹೇಳ್ತಾನೇ ಹೋದ್ಲು." ಅವರ ಕೈ ತಾನಾಗಿ ಸಡಿಲಿತು. "ಇಪ್ಪತ್ತೆರಡು ವರ್ಷ ಆಯ್ತು. ಭಗವಂತ ನನ್ನನ್ನ ಇನ್ನೂ ಇಟ್ಟಿದಾನೆ."

ಬಯಲಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಗಾಳಿ ನಿಂತಿತ್ತು. ಹಕ್ಕಿಯ ಸದ್ದಿಲ್ಲ, ಹುಳದ ಸದ್ದಿಲ್ಲ. ಮುಳ್ಳುಪೊದೆಗೆ ಕೈ ಹಾಕಿ, ಚರ್ಮ ಹರಿದುಕೊಂಡು ಚಪ್ಪಡಿ ಸರಿಸಿದ. ಕೆಳಗಿನಿಂದ ಅಕ್ಕನ ಕೋಣೆಯದೇ ವಾಸನೆ ಮುಖಕ್ಕೆ ರಾಚಿತು. ಹೊರಗೆ ಇನ್ನೂ ಬಿಸಿಲಿದ್ದರೂ ಗುಂಡಿಯೊಳಗೆ ಕತ್ತಲೆ ನೀರಿನಂತೆ ನಿಂತಿತ್ತು. ದೇವರ ಹೆಸರು ಹೇಳದೆ ಎಷ್ಟೋ ವರ್ಷವಾಗಿದ್ದವನು ಅದನ್ನು ತೊದಲುತ್ತ ಇಳಿದ.

ಕಾಲಿಗೆ ಏನೋ ಗಟ್ಟಿಯಾದದ್ದು ತಗುಲಿತು. ಬಗ್ಗಿ ತಡವಿದ. ಗೊಂಬೆ. ಅದರ ಪಕ್ಕ ಇನ್ನೊಂದು. ಮತ್ತೊಂದು. ಸಾಲಾಗಿ ಮಲಗಿಸಿದ್ದ ಗೊಂಬೆಗಳು. ಎಲ್ಲ ಒಣಗಿ ಕಲ್ಲಾಗಿದ್ದವು. ಎದೆಯ ಮೇಲೆ ಗಂಡಸಿನ ಹೆಬ್ಬೆಟ್ಟು, ಹೆಂಗಸಿನ ಹೆಬ್ಬೆಟ್ಟು, ಕಂಪಿಸುವ ಕೈಯ ಯಾರೋ ಹಿರಿಯರ ಹೆಬ್ಬೆಟ್ಟು. ಕೊನೆಯದು ಇನ್ನೂ ಹಸಿಯಾಗಿ ತಣ್ಣಗಿತ್ತು. ಬೆರಳಿಟ್ಟ. ಸುಳಿಯ ನಡುವೆ ಅಡ್ಡಗೀಟು ಸಿಕ್ಕಿತು. ಅಂಚುಗಳು ಆಗಲೇ ಗಟ್ಟಿಯಾಗುತ್ತಿದ್ದವು.

ಅಳಿಸಲಿಲ್ಲ. ಮೊದಲು ಅದರ ಮೇಲೆ ತನ್ನ ಹೆಬ್ಬೆರಳು ಒತ್ತಿದ. "ನನ್ನ ತಗೋ," ಎಂದ. ಮಣ್ಣಿನಲ್ಲಿ ಅವನ ಗುರುತು ಮೂಡಲಿಲ್ಲ. ಮತ್ತೆ ಒತ್ತಿದ. ಉಗುರು ಮುರಿಯುವಂತೆ ಒತ್ತಿದ. ಇಲ್ಲ. ಸಾಲಗಾರ ತನಗೆ ತಾನೇ ಜಾಮೀನಾಗಲಾರ. ಆ ನಿಯಮ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಜೊತೆಗೆ ತಂದಿದ್ದ ನೀರಿನ ಸೀಸೆಯ ಬಿರಡೆ ತೆಗೆದ. ಆಗ ಗುಂಡಿಯ ಗೋಡೆಯಿಂದ ಸದ್ದು ಬಂತು. ಟಕ್. ಟಕ್. ಟಕಟಕ. ಹೊಲಿಗೆ ಯಂತ್ರದ ತುಳಿತ.

"ಮರಿ."

ಕೈ ನಿಂತಿತು.

"ಅಳಿಸ್ಬೇಡ ಮರಿ. ನಾನು ಹೀಗೇ ಹೋಗ್ತೀನಿ. ನಿನ್ನ ಮರೆತು ನಾನೇನು ಬದುಕ್ಲೋ?"

ಅದು ಅಕ್ಕನೋ, ಅಕ್ಕನ ಗಂಟಲು ಕದ್ದ ನೆಲವೋ? ಅವನಿಗೆ ತಿಳಿಯಲಿಲ್ಲ. ಇಬ್ಬರಲ್ಲಿ ಯಾರಾದರೂ ಇದೇ ಮಾತನ್ನೇ ಆಡುತ್ತಿದ್ದರು. ನೀರು ಸುರಿದ. ಉಜ್ಜಿದ. ಸುಳಿ ಕದಡಿತು. "ಮರಿ." ಉಜ್ಜಿದ. ಜ್ವರದಲ್ಲಿ ಹಣೆಯ ಮೇಲಿಟ್ಟ ಕೈ. "ಮರಿ." ಉಜ್ಜಿದ. ಪರೀಕ್ಷೆಯ ಬೆಳಿಗ್ಗೆ ಬಾಗಿಲಲ್ಲಿ ನಿಂತ ಮುಖ. ಉಜ್ಜಿದ. ಧ್ವನಿ ಸಣ್ಣದಾಯಿತು. ದೂರವಾಯಿತು. ಗೀಟು ಉಳಿದಿತ್ತು. ಗೀಟೊಂದೇ. ಕಣ್ಣು ಮುಚ್ಚಿ ಉಜ್ಜಿದ.

ಸದ್ದು ನಿಂತಿತು. ಕೈಯಲ್ಲಿ ಬರಿಯ ಕೆಸರಿತ್ತು.

ಬೀದಿಯ ತಿರುವಿಗೇ ಯಂತ್ರದ ಸದ್ದು ಕೇಳಿ ಅವನು ಓಡಿದ. ಬಾಗಿಲು ತೆರೆದಿತ್ತು. ಅಕ್ಕ ಬೆನ್ನು ನೆಟ್ಟಗೆ ಮಾಡಿ ಕುಳಿತು ಹೊಲಿಯುತ್ತಿದ್ದಳು. ಕಾಲಿನಲ್ಲಿ ಬಿರುಕಿಲ್ಲ. ಕೆನ್ನೆಯಲ್ಲಿ ರಕ್ತ ಆಡುತ್ತಿತ್ತು. ತಲೆಯೆತ್ತಿ ನೋಡಿದಳು. ಗಡಿಬಿಡಿಯಿಂದ ಎದ್ದು ನಿಂತಳು.

"ಯಾರು ಬೇಕಿತ್ತು?"

ಅವನು ಹೊಸ್ತಿಲಲ್ಲೇ ನಿಂತ.

"ಹೊಲಿಯೋಕೆ ಕೊಟ್ಟಿದ್ರಾ? ನೋಡಿ, ಆ ಗೂಟದಲ್ಲಿ ಯಾವುದೋ ಗಂಡಸರ ಅಂಗಿ ಇದೆ. ಹೆಸರು ಬರೆದಿಟ್ಟಿಲ್ಲ, ಯಾರದು ಅಂತ ಗೊತ್ತಾಗ್ತಿಲ್ಲ. ನಿಮ್ಮದಾ?"

"ಹೌದು," ಎಂದ ಅವನು.

"ಅಯ್ಯೋ, ಕೈಯೆಲ್ಲ ರಕ್ತ, ಮೈಯೆಲ್ಲ ಕೆಸರು. ಎಲ್ಲಿ ಬಿದ್ರಿ? ಕೂತ್ಕೊಳ್ಳಿ, ಕೂತ್ಕೊಳ್ಳಿ."

ನೀರು ತಂದುಕೊಟ್ಟಳು. ಪರಪುರುಷರಿಗೆ ಕೊಡುವಂತೆ ಲೋಟವನ್ನು ಸ್ಟೂಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತಳು. ಅವನು ಕುಡಿಯುವುದನ್ನು ಮರುಕದಿಂದ ನೋಡಿದಳು.

"ಮನೇಲಿ ಯಾರೂ ಇಲ್ವಾ ನಿಮಗೆ?"

"ಅಕ್ಕ ಇದ್ದಾಳೆ."

"ಮತ್ತೆ ಇಲ್ಲಿ ಕೂತಿದೀರಲ್ಲ! ಕತ್ತಲಾಗ್ತಾ ಬಂತು. ಹೋಗಿ ಸ್ವಾಮೀ, ಪಾಪ, ದಾರಿ ನೋಡ್ತಾ ಇರ್ತಾಳೆ."

ಅವನು ಅಂಗಿಯನ್ನು ಗೂಟದಿಂದ ತೆಗೆದುಕೊಂಡ. ಕೈ ಮುಗಿದ. ಅವಳೂ ಮುಗಿದಳು. ಅವನು ಹೊಸ್ತಿಲು ದಾಟಿ ಬೀದಿಗಿಳಿದ.